ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೆಂಟರ್ ಆಗುವುದು ಹೇಗೆ: ಮೊದಲ ಸೆಮಿಸ್ಟರ್‌ನಿಂದ ಇಂಟರ್ನ್‌ಶಿಪ್‌ವರೆಗೆ

ಯಾವುದಾದರೂ ನರ್ಸಿಂಗ್ ಕಾಲೇಜಿನ ಮೆಂಟರ್ ರಿಜಿಸ್ಟರ್ ತೆಗೆದು ನೋಡಿ. ಪುಟದ ಮೇಲೆ ಪುಟ ಒಂದೇ ಸಾಲು ಇರುತ್ತದೆ: "ಚೆನ್ನಾಗಿ ಓದುವಂತೆ ತಿಳಿಸಲಾಯಿತು." ಕೆಳಗೆ ಎರಡು ಸಹಿ. ಇನ್‌ಸ್ಪೆಕ್ಷನ್‌ಗೆ ಇಷ್ಟು ಸಾಕು. ಆದರೆ ಇಂಟರ್ನಲ್‌ನಲ್ಲಿ, ಅಂದರೆ ಕಾಲೇಜೇ ನಡೆಸುವ ಪರೀಕ್ಷೆಯಲ್ಲಿ, ಫೇಲಾದ ಹುಡುಗಿಗೆ ಚೆನ್ನಾಗಿ ಓದಬೇಕು ಅಂತ ಗೊತ್ತಿಲ್ಲವೇ? ರಾತ್ರಿ ಹನ್ನೊಂದರವರೆಗೆ ಕೂತರೂ ತಲೆಗೆ ಹತ್ತುತ್ತಿಲ್ಲ, ಯಾಕೆ ಹತ್ತುತ್ತಿಲ್ಲ ಅಂತ ಅವಳಿಗೇ ತಿಳಿದಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಅಂತ ಹುಡುಕಿ ಕೊಡುವುದೇ ಮೆಂಟರ್ ಕೆಲಸ. ಉಪದೇಶ ಮಾಡುವವರು ಮನೆಯಲ್ಲೇ ಸಾಕಷ್ಟು ಜನ ಇದ್ದಾರೆ.

ಕರ್ನಾಟಕದ ಬಿ.ಎಸ್ಸಿ. ನರ್ಸಿಂಗ್ ಕಾಲೇಜುಗಳ ಟ್ಯೂಟರ್‌ಗಳು, ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗಳು, ಜೂನಿಯರ್‌ಗಳಿಗೆ ನೆರವಾಗಲು ಒಪ್ಪಿದ ಸೀನಿಯರ್‌ಗಳು, ಇವರಿಗಾಗಿ ಇದನ್ನು ಬರೆದಿದ್ದೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕಲಿಸುವವರಿಗೂ ಬಹುಪಾಲು ಅನ್ವಯಿಸುತ್ತದೆ. ಬರೆಯಲು ಸುಲಭ ಅಂತ ಎಲ್ಲ ಕಡೆ "ಹುಡುಗಿ" ಅಂದಿದ್ದೇನೆ. ಹುಡುಗರ ಕಷ್ಟವೂ ಇದೇ.

ಹೆಜ್ಜೆ 1: ಸೆಮಿಸ್ಟರ್‌ಗಳ ಗುಂಡಿಗಳನ್ನು ಮೊದಲು ನೀವು ತಿಳಿದುಕೊಳ್ಳಿ

ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪಠ್ಯಕ್ರಮ ಬದಲಿಸಿತು. ವಾರ್ಷಿಕ ಪರೀಕ್ಷೆ ಹೋಗಿ ಎಂಟು ಸೆಮಿಸ್ಟರ್ ಬಂತು. ಹಳೆಯ ಪದ್ಧತಿಯಲ್ಲಿ ಓದಿದ ನಮ್ಮಂಥವರಿಗೆ ಇದರ ಒಳಸುಳಿ ಬೇಗ ಹೊಳೆಯುವುದಿಲ್ಲ.

ದೊಡ್ಡ ಗುಂಡಿ ಮೂರನೇ ಸೆಮಿಸ್ಟರ್‌ನಲ್ಲಿದೆ. ಫಾರ್ಮಕಾಲಜಿ ಮತ್ತು ಪೆಥಾಲಜಿಯ ಮೊದಲ ಭಾಗ ಆಗಲೇ ಶುರುವಾಗುತ್ತದೆ. ಆದರೆ ಆ ಸೆಮಿಸ್ಟರ್‌ನಲ್ಲಿ ಅವಕ್ಕೆ ಯೂನಿವರ್ಸಿಟಿ ಪರೀಕ್ಷೆ ಇಲ್ಲ. ಬರೀ ಇಂಟರ್ನಲ್. ಹುಡುಗಿಯರು ಮೈಕ್ರೋಬಯಾಲಜಿ, ಅಡಲ್ಟ್ ಹೆಲ್ತ್ ಓದಿಕೊಂಡು ಫಾರ್ಮಕಾಲಜಿ ಪುಸ್ತಕವನ್ನು ಮೂಲೆಗೆ ಇಡುತ್ತಾರೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಎರಡೂ ಭಾಗ ಸೇರಿ, ಜೊತೆಗೆ ಜೆನೆಟಿಕ್ಸ್ ಸೇರಿ, ಒಂದೇ ಪೇಪರ್ ಆಗಿ ಮೈಮೇಲೆ ಬೀಳುತ್ತದೆ. ಮೂರನೇ ಸೆಮಿಸ್ಟರ್‌ನ ಇಂಟರ್ನಲ್ ಅಂಕವೂ ಲೆಕ್ಕಕ್ಕೆ ಬರುತ್ತದೆ. ನರ್ಸಿಂಗ್ ಫೌಂಡೇಷನ್ ಕೂಡ ಹೀಗೇ. ಎರಡು ಸೆಮಿಸ್ಟರ್ ಪಾಠ, ಎರಡನೆಯದರ ಕೊನೆಗೆ ಪರೀಕ್ಷೆ. ಐದು ಮತ್ತು ಆರನೇ ಸೆಮಿಸ್ಟರ್‌ನ ಚೈಲ್ಡ್ ಹೆಲ್ತ್, ಮೆಂಟಲ್ ಹೆಲ್ತ್ ವಿಷಯದಲ್ಲೂ ಅದೇ ಕತೆ.

ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ, ಫಿಸಿಯಾಲಜಿ ಒಂದೇ ಪೇಪರ್‌ನ ಎರಡು ಭಾಗ, 37 ಮತ್ತು 38 ಅಂಕ. ಥಿಯರಿಯಲ್ಲಿ ಇಂಟರ್ನಲ್‌ಗೆ 25, ಯೂನಿವರ್ಸಿಟಿ ಪರೀಕ್ಷೆಗೆ 75. ಪಾಸಾಗಲು ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆಯಾಗಿ 50% ಬೇಕು. ಪಿಯುಸಿಯಲ್ಲಿ ಇದಕ್ಕಿಂತ ಕಡಿಮೆ ಅಂಕಕ್ಕೆ ಪಾಸಾಗಿ ರೂಢಿಯಾದವರಿಗೆ ಇದನ್ನು ಮೊದಲ ವಾರವೇ ಬಿಡಿಸಿ ಹೇಳಿ. ಇಂಟರ್ನಲ್ ಮಾರ್ಕ್ಸ್ ಬಂದ ಮೇಲೆ ಹೇಳಿದರೆ ಏನು ಪ್ರಯೋಜನ?

ಹಾಜರಾತಿಯಲ್ಲಿ ಎರಡು ಲೆಕ್ಕ ಇದೆ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ 80% ಬೇಕು. ಡಿಗ್ರಿ ಕೈಗೆ ಬರಲು ಕ್ಲಿನಿಕಲ್ ಗಂಟೆಗಳು, ಅಂದರೆ ಆಸ್ಪತ್ರೆಯ ಪೋಸ್ಟಿಂಗ್, 100% ಆಗಿರಬೇಕು. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಚಿಕನ್ ಪಾಕ್ಸ್ ಬಂದರೆ ಸಾಕು, ನಾಲ್ಕೈದು ಜನರ ಪೋಸ್ಟಿಂಗ್ ಗಂಟೆಗಳು ಹೋಗುತ್ತವೆ. ಬಾಕಿ ಗಂಟೆಗಳನ್ನು ತಿಂಗಳ ಕೊನೆಗೆ ಹುಡುಗಿಯ ಜೊತೆ ಕೂತು ಎಣಿಸಿ, ರಜೆಯಲ್ಲಿ ಯಾವಾಗ ತುಂಬಿಸುವುದು ಅಂತ ಆಗಲೇ ಬರೆದಿಡಿ.

ಹೆಜ್ಜೆ 2: ಮೊದಲ ಭೇಟಿಯಲ್ಲಿ ಮಾರ್ಕ್ಸ್ ಮಾತು ಬೇಡ

ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಅನ್ನುವುದು ಕೌನ್ಸಿಲ್ ನಿಯಮ. ಮೆಂಟರ್ ಗುಂಪನ್ನೂ ಅಷ್ಟರಲ್ಲೇ ಇಟ್ಟುಕೊಳ್ಳಿ. ಹತ್ತೂ ಜನರನ್ನು ಒಟ್ಟಿಗೆ ಕೂರಿಸಿ "ಏನಾದ್ರೂ ಪ್ರಾಬ್ಲಮ್ ಇದ್ಯಾ?" ಅಂದರೆ ಹತ್ತೂ ತಲೆ ಇಲ್ಲ ಅಂತ ಆಡುತ್ತವೆ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕೊಡಿ. ಸ್ಟಾಫ್ ರೂಮಿನಲ್ಲಿ ಬೇಡವೇ ಬೇಡ. ಅಲ್ಲಿ ಇನ್ನೂ ಐದು ಮೇಡಂಗಳ ಕಿವಿ ಇರುತ್ತದೆ. ಲೈಬ್ರರಿಯ ಮೂಲೆಯೋ ಖಾಲಿ ಸ್ಕಿಲ್ ಲ್ಯಾಬೋ ಆಗಬಹುದು.

ಕೇಳಬೇಕಾದ್ದು ಸರಳ. ಪಿಯುಸಿವರೆಗೆ ಯಾವ ಮೀಡಿಯಂ? ಹಾಸ್ಟೆಲ್‌ನಲ್ಲೋ, ಬಸ್ಸಿನಲ್ಲಿ ಬಂದು ಹೋಗುವುದೋ? ಬಸ್ಸಿನಲ್ಲಿ ಎಷ್ಟು ಹೊತ್ತು? ನರ್ಸಿಂಗ್ ನಿನ್ನ ಆಯ್ಕೆಯೋ, ಮನೆಯವರದೋ? ಫೀಸು ಯಾರು ಕಟ್ಟುತ್ತಾರೆ? ರಕ್ತ ನೋಡಿದರೆ ತಲೆ ಸುತ್ತುತ್ತದಾ? ಕೊನೆಯದಕ್ಕೆ ನಾಚಿಕೊಂಡು ಹೌದು ಅನ್ನುವವರು ಕಡಿಮೆಯೇನಿಲ್ಲ. ಬೆಳಿಗ್ಗೆ ತಿಂಡಿ ತಿನ್ನದೆ ವಾರ್ಡಿಗೆ ಬರಬೇಡ, ತಲೆ ಸುತ್ತಿದರೆ ಅಲ್ಲೇ ಕೂತುಬಿಡು, ಸ್ವಲ್ಪ ದಿನಕ್ಕೆ ಅಭ್ಯಾಸ ಆಗುತ್ತದೆ ಅಂತ ಹೇಳಿ.

ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ಅವತ್ತೇ ಕೇಳಿ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಎರಡು ತೆಗೆದುಕೊಂಡು ಮೂರನೆಯದನ್ನು ಮರೆಯುವುದು ಮಾಮೂಲು.

ಹೆಜ್ಜೆ 3: ಇಂಗ್ಲಿಷ್ ಗೋಡೆಯನ್ನು ಒಡೆಯಿರಿ

ನನ್ನ ಮಟ್ಟಿಗೆ ಇಡೀ ಮೆಂಟರಿಂಗ್‌ನಲ್ಲಿ ಇದೇ ಮುಖ್ಯ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿ ಸೈನ್ಸ್ ಹೇಗೋ ದಾಟಿ ಬಂದ ಹುಡುಗಿ ಅನಾಟಮಿ ಕ್ಲಾಸಿನಲ್ಲಿ ಕೂತಿದ್ದಾಳೆ ಅಂತಿಟ್ಟುಕೊಳ್ಳಿ. "ಅರ್ಥ ಆಯ್ತೇನಮ್ಮ?" ಅಂದರೆ "ಆಯ್ತು ಮೇಡಂ" ಅನ್ನುತ್ತಾಳೆ. ಹಾಗಾಗಿ ಆ ಪ್ರಶ್ನೆಯನ್ನೇ ಕೇಳಬೇಡಿ. ಪುಸ್ತಕ ತೆರೆದು ಒಂದು ಪ್ಯಾರಾ ಜೋರಾಗಿ ಓದಿಸಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಪುಸ್ತಕ ಮುಚ್ಚಿ, "ಈಗ ಕನ್ನಡದಲ್ಲೇ ಹೇಳು, ಏನು ಓದಿದೆ?" ಅನ್ನಿ. ಐದು ನಿಮಿಷದಲ್ಲಿ ರೋಗ ಪತ್ತೆಯಾಗುತ್ತದೆ. ಕೆಲವರಿಗೆ ವಿಷಯ ಗೊತ್ತು, ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ. ಕೆಲವರು ಗಿಳಿಪಾಠ ಒಪ್ಪಿಸುತ್ತಾರೆ, ವಿಷಯ ಸೊನ್ನೆ. ಇಬ್ಬರಿಗೂ ಮದ್ದು ಬೇರೆ.

ಮೊದಲನೆಯವಳಿಗೆ ಶಬ್ದಗಳನ್ನು ಒಡೆದು ಓದುವುದನ್ನು ಕಲಿಸಿ. ಪೆರಿಕಾರ್ಡೈಟಿಸ್ ಅಂದರೆ ಬೆಚ್ಚಿಬೀಳುವವಳಿಗೆ, ಪೆರಿ ಅಂದರೆ ಸುತ್ತ, ಕಾರ್ಡ್ ಅಂದರೆ ಹೃದಯ, ಐಟಿಸ್ ಅಂದರೆ ಉರಿಯೂತ ಅಂತ ತೋರಿಸಿ. ನಂತರ ಗ್ಯಾಸ್ಟ್ರೈಟಿಸ್, ಹೆಪಟೈಟಿಸ್ ಅನ್ನು ಅವಳೇ ಬಿಡಿಸುತ್ತಾಳೆ. ಟ್ಯಾಕಿ ಅಂದರೆ ವೇಗ, ಬ್ರಾಡಿ ಅಂದರೆ ನಿಧಾನ, ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ದಿನಕ್ಕೆ ಐದು ತುಂಡು ಸಾಕು. ಚಿಕ್ಕ ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅವಳದೇ ಕನ್ನಡ. ನಿಘಂಟಿನ ಗಟ್ಟಿ ಕನ್ನಡ ಬೇಕಿಲ್ಲ.

ಗಿಳಿಪಾಠದವಳಿಗೆ ಖಾಲಿ ಹಾಳೆ ಕೊಡಿ. ಹೃದಯದ ಚಿತ್ರ ಬರೆದು, ಒಂದು ಹನಿ ರಕ್ತ ಬಲ ಹೃತ್ಕರ್ಣದಿಂದ ಹೊರಟು ಮಹಾಪಧಮನಿಗೆ ಬರುವ ದಾರಿಯನ್ನು ಬಾಣ ಹಾಕಿ ತೋರಿಸಲಿ. ಸಿಕ್ಕಿಕೊಂಡ ಜಾಗದಲ್ಲಿ ಮಾತ್ರ ಪುಸ್ತಕ ತೆರೆಯಲಿ. ಇಡೀ ಅಧ್ಯಾಯ ಮೂರು ಸಲ ಓದುವುದಕ್ಕಿಂತ ಒಂದು ಸಲ ಹೀಗೆ ನೆನಪಿನಿಂದ ಬರೆಯುವುದು ಮೇಲು.

ಇನ್ನು ಉತ್ತರ ಬರೆಯುವುದು. ಪ್ರಶ್ನೆಯಲ್ಲಿ ಡಿಫೈನ್ ಅಂದರೆ ಎರಡು ಸಾಲು, ಲಿಸ್ಟ್ ಅಂದರೆ ಬರೀ ಪಟ್ಟಿ, ಎಕ್ಸ್‌ಪ್ಲೇನ್ ಅಂದರೆ ವಿವರ. ನಮ್ಮ ಹುಡುಗಿಯರು ಎಲ್ಲಕ್ಕೂ ಗೊತ್ತಿರುವುದನ್ನೆಲ್ಲ ಸುರಿಯುತ್ತಾರೆ. ಎರಡು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆದು ದೀರ್ಘ ಉತ್ತರಕ್ಕೆ ಸಮಯ ಸಾಲದೆ ಅಳುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಯಿಂದ ವಾರಕ್ಕೆ ಒಂದೇ ಪ್ರಶ್ನೆ ಕೊಡಿ, ಗಡಿಯಾರ ಇಟ್ಟು ಬರೆಸಿ, ಮರುದಿನವೇ ತಿದ್ದಿ ಕೊಡಿ. ಹದಿನೈದು ದಿನ ಬಿಟ್ಟು ತಿದ್ದಿದ ಹಾಳೆಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಹೆಜ್ಜೆ 4: ಔಷಧಿ ಲೆಕ್ಕ, ಕೈಯಲ್ಲಿ ಬಾಟಲಿ ಹಿಡಿದು

ಪಿಯುಸಿಯಲ್ಲಿ ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ತೆಗೆದುಕೊಂಡವರಲ್ಲಿ ಲೆಕ್ಕಕ್ಕೆ ಹೆದರುವವರು ತುಂಬಾ. ಬೋರ್ಡಿನ ಮೇಲೆ ಸೂತ್ರ ಬರೆದರೆ ಕಾಪಿ ಮಾಡಿಕೊಳ್ಳುತ್ತಾರೆ, ವಾರ್ಡಿನಲ್ಲಿ ಮರೆಯುತ್ತಾರೆ. ನಿಜವಾದ ಬಾಟಲಿ ಇಟ್ಟು ಕಲಿಸಿ.

12 ಕೆಜಿ ಮಗುವಿಗೆ ಜ್ವರ. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಗ್ರಾಂನಂತೆ ಆರ್ಡರ್ ಆಗಿದೆ. ಒಟ್ಟು 180 ಮಿಗ್ರಾಂ. ಸಿರಪ್‌ನಲ್ಲಿ 5 ಮಿಲಿಗೆ 120 ಮಿಗ್ರಾಂ ಇದ್ದರೆ 7.5 ಮಿಲಿ ಕೊಡಬೇಕು. ಈಗ ಪಕ್ಕದಲ್ಲಿ ಇನ್ನೊಂದು ಬಾಟಲಿ ಇಡಿ, 5 ಮಿಲಿಗೆ 250 ಮಿಗ್ರಾಂನದು. ಅದೇ ಮಗು, ಅದೇ ಆರ್ಡರ್, ಈಗ 3.6 ಮಿಲಿ. ಲೇಬಲ್ ಓದದೆ 7.5 ಸುರಿದರೆ ಎರಡು ಪಟ್ಟು ಹೋಯಿತು. ಲೇಬಲ್ ಯಾಕೆ ಓದಬೇಕು ಅಂತ ಮತ್ತೆ ಭಾಷಣ ಬೇಕಾಗಿಲ್ಲ.

ಡ್ರಿಪ್‌ಗೂ ಹೀಗೇ. 500 ಮಿಲಿ, ನಾಲ್ಕು ಗಂಟೆ, ಮಿಲಿಗೆ 20 ಹನಿಯ ಸೆಟ್. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸ್ಕಿಲ್ ಲ್ಯಾಬಿನಲ್ಲಿ ಬಾಟಲಿ ನೇತುಹಾಕಿ, ವಾಚು ನೋಡಿಕೊಂಡು ಹನಿ ಎಣಿಸಿ ರೋಲರ್ ಸರಿಮಾಡಲಿ. 15 ಸೆಕೆಂಡಿಗೆ ಹತ್ತೋ ಹನ್ನೊಂದೋ ಬಿದ್ದರೆ ಸರಿ. ಸೆಟ್ಟಿನ ಕವರ್ ಮೇಲೆ ಮಿಲಿಗೆ ಎಷ್ಟು ಹನಿ ಅಂತ ಬರೆದಿರುತ್ತದೆ, ಅದನ್ನು ಓದಿಯೇ ಲೆಕ್ಕ ಹಾಕಬೇಕು.

ಇನ್ಸುಲಿನ್ ಸಿರಿಂಜನ್ನು ಮಾತ್ರ ಎರಡು ಸಲ ಕಲಿಸಿ. ನಮ್ಮಲ್ಲಿ ಮಿಲಿಗೆ 40 ಯೂನಿಟ್‌ನ ವಯಲ್ ಇದೆ, 100ರದೂ ಇದೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿ, ಅಂದರೆ 50 ಯೂನಿಟ್. ಆ ರೋಗಿ ಏನಾಗಬಹುದು ಅಂತ ಹುಡುಗಿಯೇ ಹೇಳಲಿ.

ಹೆಜ್ಜೆ 5: ವಾರ್ಡಿಗೆ ನೀವೂ ಹೋಗಿ

ಕ್ಲಾಸಿನಲ್ಲಿ ಜಾಣೆಯಾದವಳು ವಾರ್ಡಿನಲ್ಲಿ ಗೋಡೆಗೆ ಒರಗಿ ನಿಂತಿರಬಹುದು. ಮಾರ್ಕ್ಸ್ ಕಡಿಮೆ ಇರುವವಳು ಅಜ್ಜಿಯ ಬೆನ್ನು ಒರೆಸುತ್ತಾ ಇಡೀ ಮನೆಯ ಕತೆ ಕೇಳಿಕೊಂಡಿರಬಹುದು. ಇದು ಸ್ಟಾಫ್ ರೂಮಿನಲ್ಲಿ ಕೂತರೆ ಕಾಣುವುದಿಲ್ಲ.

ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1980ರ ದಶಕದಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಹಂತಗಳಲ್ಲಿ ವಿವರಿಸಿದರು. ಮೊದಲ ಹಂತದವರಿಗೆ ನಿಯಮ ಬಿಟ್ಟರೆ ಬೇರೆ ಆಸರೆ ಇರುವುದಿಲ್ಲ. "ಪೇಷಂಟ್ ನೋಡಿದ್ರೆ ಗೊತ್ತಾಗಲ್ವಾ?" ಅಂತ ಇನ್‌ಚಾರ್ಜ್ ಸಿಸ್ಟರ್ ಗದರಿದಾಗ ಹುಡುಗಿ ಕಂಗಾಲಾಗುವುದು ಇದಕ್ಕೇ. ಅವರಿಗೆ ಇಪ್ಪತ್ತು ವರ್ಷದ ಅನುಭವ, ಇವಳಿಗೆ ಮೂರನೇ ವಾರ. ಮೊದಲ ವರ್ಷದವಳಿಗೆ "ಗಮನ ಇಟ್ಟು ನೋಡು" ಅನ್ನಬೇಡಿ. "ಹತ್ತು ಗಂಟೆಗೆ ಪಲ್ಸ್ ನೋಡು, ನೂರರ ಮೇಲಿದ್ದರೆ ಬಂದು ಹೇಳು" ಅನ್ನಿ.

ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಕಾಪಿ ಮಾಡುವ ಚಾಳಿ ಎಲ್ಲ ಕಡೆ ಇದೆ. ಸೀನಿಯರ್ ಅಕ್ಕನ ಹಳೆಯ ಫೈಲು, ಹೆಸರು ಬದಲು, ಮುಗಿಯಿತು. ಸುಮ್ನೆ ಬೈದರೆ ನಿಲ್ಲುವುದಿಲ್ಲ. ಫೈಲು ಹಿಡಿದುಕೊಂಡು ಹುಡುಗಿಯ ಜೊತೆ ಬೆಡ್ ಹತ್ತಿರ ಹೋಗಿ. ಪ್ಲಾನ್‌ನಲ್ಲಿ ಪ್ರೋಟೀನ್‌ಗಾಗಿ ದಿನಕ್ಕೆ ಎರಡು ಮೊಟ್ಟೆ ಅಂತ ಬರೆದಿದ್ದಾಳೆ. ಬೆಡ್ ಮೇಲಿರುವ ಅಜ್ಜಿ ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. "ಅಜ್ಜಿ, ನೀವು ದಿನಾ ಏನು ಊಟ ಮಾಡ್ತೀರಾ?" ಅಂತ ಹುಡುಗಿಯಿಂದಲೇ ಕೇಳಿಸಿ. ಮುದ್ದೆ, ಹುರುಳಿಕಾಳು ಸಾರು, ಮಜ್ಜಿಗೆ ಅಂತ ಉತ್ತರ ಬರುತ್ತದೆ. ಅಲ್ಲೇ ನಿಂತು ಮೊಟ್ಟೆ ಹೊಡೆದು ಹಾಕಿ ಕಾಳು ಬರೆಯಲಿ. ಹಾಗೆ ತಿದ್ದಿದ ಒಂದು ಪ್ಲಾನ್, ಕಾಪಿ ಹೊಡೆದ ಹತ್ತಕ್ಕೆ ಸಮ. ಇಂಥದ್ದಕ್ಕೆ ಜಾಸ್ತಿ ಅಂಕ ಕೊಡಿ. ಅಂದವಾದ ಅಕ್ಷರಕ್ಕೆ, ಬಣ್ಣದ ಬಾರ್ಡರ್‌ಗೆ ಅಲ್ಲ.

ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ಮೊದಲ ಪೋಸ್ಟಿಂಗ್‌ಗೆ ಮುಂಚೆಯೇ ಬಾಯಿಪಾಠ ಮಾಡಿಸಿ. ಹಿಂಡಬಾರದು, ಬಾಯಿಗೆ ಇಡಬಾರದು, ಸ್ಪಿರಿಟ್ ಸುರಿಯಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಇನ್‌ಚಾರ್ಜ್‌ಗೆ ಹೇಳಬೇಕು. ಎಚ್‌ಐವಿ ತಡೆ ಔಷಧಿ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಹುಡುಗಿಯರು ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡುತ್ತಾರೆ. "ಚುಚ್ಚಿಕೊಂಡರೆ ಬೈಯಲ್ಲ, ಮುಚ್ಚಿಟ್ಟರೆ ಬೈತೀನಿ" ಅಂತ ಮೊದಲೇ ಮಾತು ಕೊಡಿ. ಆ ಮಾತು ಉಳಿಸಿಕೊಳ್ಳಿ.

ಹೆಜ್ಜೆ 6: ಜೋಡಿ ಹಾಕಿ

ನಮ್ಮ ಕಾಲೇಜುಗಳಲ್ಲಿ ಕೇರಳದ ಮಕ್ಕಳು ತುಂಬಾ. ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದಲೂ ಬರುತ್ತಾರೆ. ಇಂಗ್ಲಿಷ್ ಪುಸ್ತಕ ಸಲೀಸಾಗಿ ಓದುವ ಎಷ್ಟೋ ಜನರಿಗೆ ರೋಗಿಯ ಮುಂದೆ ಬಾಯಿ ಕಟ್ಟುತ್ತದೆ. ಕನ್ನಡ ಮೀಡಿಯಂ ಹುಡುಗಿಗೆ ಉಲ್ಟಾ. ಇಬ್ಬರನ್ನೂ ಒಂದೇ ಬೆಡ್‌ಗೆ ಹಾಕಿ. ಒಬ್ಬಳು ರೋಗಿಯ ಮಾತು ಕೇಳಿ ಹೇಳಲಿ, ಇನ್ನೊಬ್ಬಳು ಅದನ್ನು ಇಂಗ್ಲಿಷಿನಲ್ಲಿ ಬರೆಯಲಿ, ಮರುದಿನ ಕೆಲಸ ಅದಲುಬದಲಾಗಲಿ. ರೆಮಿಡಿಯಲ್ ಕ್ಲಾಸಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಯಾರೂ ದಡ್ಡರ ಸಾಲಿನಲ್ಲಿ ಕೂರಬೇಕಾಗಿಲ್ಲ, ಅಲ್ವಾ?

ವಾರ್ಡ್ ಕನ್ನಡ ಕಲಿಸುವಾಗ ಪುಸ್ತಕದ ಕನ್ನಡ ಬೇಡ. "ಮಲವಿಸರ್ಜನೆ ಆಯಿತೇ?" ಅಂದರೆ ರೋಗಿಯೇ ಗಾಬರಿಯಾಗುತ್ತಾರೆ. "ಒಂದಕ್ಕೆ ಹೋದ್ರಾ, ಎರಡಕ್ಕೆ ಹೋದ್ರಾ?" ಎಲ್ಲರಿಗೂ ಅರ್ಥವಾಗುತ್ತದೆ. ಉತ್ತರ ಕರ್ನಾಟಕದ ಕಡೆ ಸಂಡಾಸ, ಬ್ಯಾನಿ, ಆರಾಮಿಲ್ಲ, ಚಕ್ಕರ್ ಇವೆಲ್ಲ ಕಿವಿಗೆ ಬೀಳುತ್ತವೆ. ಜೋಮು, ಉಬ್ಬಸ, ಎದೆ ಡವಡವ, ಕಣ್ಣು ಕತ್ತಲೆ, ಇವುಗಳನ್ನು ಬರೆಸಿ. ಹೆಣ್ಣುಮಕ್ಕಳು "ಹೊರಗಾಗಿದ್ದೀನಿ" ಅಂದರೆ ವಾರ್ಡ್ ಬಿಟ್ಟು ಹೋಗಿದ್ದಾರೆ ಅಂತಲ್ಲ, ಮುಟ್ಟಾಗಿದ್ದಾರೆ ಅಂತ. ಹೆರಿಗೆ ವಾರ್ಡಿಗೆ ಹೋಗುವ ಮುಂಚೆ ಮಾಸು, ಬಾಣಂತಿ, ದಿನ ತುಂಬಿದೆ, ನೀರು ಹೋಯ್ತು, ಇಷ್ಟಾದರೂ ಬರಲೇಬೇಕು.

ಸೀನಿಯರ್‌ಗಳನ್ನು ಬಳಸಿಕೊಳ್ಳಿ, ಆದರೆ ಕೆಲಸ ಏನು ಅಂತ ಗೆರೆ ಹಾಕಿ. ಬೆಡ್ ಮೇಕಿಂಗ್ ತೋರಿಸುವುದು, ವೈವಾದಲ್ಲಿ ಏನು ಕೇಳುತ್ತಾರೆ ಅಂತ ಹೇಳುವುದು ಸರಿ. ರೆಕಾರ್ಡ್ ಬರೆಸಿಕೊಳ್ಳುವುದು, ಬಟ್ಟೆ ಒಗೆಸುವುದು ಶುರುವಾದರೆ ಅದು ರ‍್ಯಾಗಿಂಗ್. ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ಹಾಸ್ಟೆಲ್‌ನ ಊಟದ ಹಾಲ್‌ನಲ್ಲಿ ಕಾಣುವಂತೆ ಅಂಟಿಸಿ.

ಹೆಜ್ಜೆ 7: ಬ್ಯಾಕ್‌ಲಾಗ್ ಇದ್ದವಳಿಗೆ ಟೈಮ್‌ಟೇಬಲ್

ಬೆಳಿಗ್ಗೆ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸು, ಸಂಜೆ ಕಾಲು ಊದಿರುತ್ತದೆ. ಅವಳಿಗೆ ದಿನಕ್ಕೆ ಆರು ಗಂಟೆ ಓದು ಅಂದರೆ ಅದು ಹಾಳೆಯ ಮೇಲಷ್ಟೇ ಉಳಿಯುತ್ತದೆ. ಡ್ಯೂಟಿ ದಿನ ಮುಕ್ಕಾಲು ಗಂಟೆ ಸಾಕು. ಅರ್ಧ ಹೊತ್ತು ಬಾಕಿ ವಿಷಯ, ಅರ್ಧ ಹೊತ್ತು ಅವತ್ತು ವಾರ್ಡಿನಲ್ಲಿ ಕಂಡದ್ದು. ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ರೋಗಿಯನ್ನು ನೋಡಿದ ದಿನವೇ ಆ ಪಾಠ ಓದಿದರೆ ಮರೆಯುವುದಿಲ್ಲ. ಜಾಸ್ತಿ ಓದು ರಜೆಯ ದಿನಕ್ಕಿರಲಿ. ಎರಡು ವಿಷಯ ಉಳಿದಿದ್ದರೆ ಬೇಗ ಪಾಸಾಗುವಂಥದ್ದನ್ನು ಮೊದಲು ಹಿಡಿಸಿ. ಒಂದು ದಾಟಿದರೆ ಧೈರ್ಯ ಬರುತ್ತದೆ.

ಹೆಜ್ಜೆ 8: ದುಡ್ಡು, ಮನೆ, ಮನಸ್ಸು

ಇದ್ದಕ್ಕಿದ್ದಂತೆ ಕ್ಲಾಸು ತಪ್ಪಿಸುವವಳ ಹಿಂದೆ ಎಷ್ಟೋ ಸಲ ಫೀಸಿನ ಕತೆ ಇರುತ್ತದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದಾಳಾ ನೋಡಿ. ಹೆಚ್ಚಾಗಿ ಅರ್ಜಿ ನಿಲ್ಲುವುದು ಸಣ್ಣ ಕಾರಣಕ್ಕೆ: ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಹೆಸರಿನ ಇನಿಶಿಯಲ್ ಒಂದೊಂದು ಕಡೆ ಒಂದೊಂದು ಥರ. ನಾಡಕಚೇರಿಗೆ ಯಾವ ದಿನ ಹೋಗುತ್ತಾಳೆ ಅಂತ ಕೇಳಿ, ಆ ದಿನ ರಜೆ ಕೊಡಿಸಿ.

ಮನೆಗೆ ಫೋನ್ ಮಾಡುವುದು ಮೊದಲ ಅಸ್ತ್ರ ಆಗಬಾರದು. "ನಿಮ್ಮ ಮಗಳು ಫೇಲ್" ಅಂತ ಒಂದು ಫೋನ್ ಹೋದರೆ ಕೆಲವು ಮನೆಗಳಲ್ಲಿ ಮುಂದಿನ ಮಾತು ಮದುವೆಯದ್ದೇ. ಮೊದಲು ಅವಳಿಗೆ ಹೇಳಿ, ಅವಳ ಎದುರಿಗೇ ಮಾತಾಡಿ, ಏನು ದಾರಿ ಮಾಡಿದ್ದೀರಿ ಅನ್ನುವುದನ್ನೂ ಸೇರಿಸಿ ಹೇಳಿ.

ಮೊದಲ ಸಾವು ನೋಡಿದ ದಿನ ಹುಡುಗಿಯನ್ನು ಒಂಟಿಯಾಗಿ ಹಾಸ್ಟೆಲ್‌ಗೆ ಕಳಿಸಬೇಡಿ. ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ ಟೀ ಕುಡಿಸಿ. ಮಾತಾಡಿದರೆ ಕೇಳಿ, ಇಲ್ಲದಿದ್ದರೆ ಸುಮ್ನೆ ಕೂತಿರಿ. ಊಟ ನಿದ್ದೆ ಬಿಟ್ಟು ದಿನಗಟ್ಟಲೆ ಮಂಕಾಗಿದ್ದರೆ, ಸಾಯುವ ಮಾತಾಡಿದರೆ, ಅದು ಮೆಂಟರ್ ಒಬ್ಬರೇ ಹೊರುವಂಥದ್ದಲ್ಲ. ಒಂಟಿ ಬಿಡಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. "ಯಾರಿಗೂ ಹೇಳಲ್ಲ" ಅಂತ ಮೊದಲೇ ಆಣೆ ಹಾಕಬೇಡಿ. "ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕಾಗುತ್ತೆ, ಉಳಿದದ್ದು ನಮ್ಮಿಬ್ಬರ ಮಧ್ಯೆ" ಅನ್ನಿ.

ಹೆಜ್ಜೆ 9: ರಿಜಿಸ್ಟರ್ ಮತ್ತು ಹಸ್ತಾಂತರ

ಪ್ರತಿ ಭೇಟಿಗೆ ಮೂರು ಸಾಲು ಸಾಕು: ಏನು ಕಂಡಿತು, ಏನು ಮಾಡುವುದು ಅಂತ ಒಪ್ಪಿದೆವು, ಯಾವ ದಿನ ಮತ್ತೆ ನೋಡುವುದು. "ಡ್ರಿಪ್ ಲೆಕ್ಕದಲ್ಲಿ ಗಂಟೆಯನ್ನು ನಿಮಿಷಕ್ಕೆ ಬದಲಿಸುವುದು ತಪ್ಪುತ್ತಿದೆ. ಐದು ಲೆಕ್ಕ ಮಾಡಿ ತರುತ್ತಾಳೆ. ಗುರುವಾರ." ಹೀಗೆ. ಮನೆಯ ವಿಷಯ, ಮನಸ್ಸಿನ ವಿಷಯ ಈ ರಿಜಿಸ್ಟರ್‌ನಲ್ಲಿ ಬೇಡ. ಅದನ್ನು ಯಾರು ಬೇಕಾದರೂ ತಿರುವಿ ಹಾಕುತ್ತಾರೆ.

ಎಂಟನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ನಲ್ಲಿ ಮಾತು ಬೇರೆಯಾಗುತ್ತದೆ. ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ದಾಖಲೆ ಜೋಡಿಸುವುದು, ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಓದುವುದು, ಹೊರದೇಶಕ್ಕೆ ಹೋಗುವವರ ಭಾಷಾ ಪರೀಕ್ಷೆ, ಇವೆಲ್ಲ ಬರುತ್ತವೆ. ಈ ಹೊತ್ತಿಗೆ ಅವರು ನಿಮಗಿಂತ ಮುಂದೆ ಓಡುತ್ತಿರುತ್ತಾರೆ. ಕೇಳಿದಾಗ ಸಿಕ್ಕರೆ ಸಾಕು.

ಆದರೆ ಖಾಸಗಿ ಕಾಲೇಜುಗಳಲ್ಲಿ ಟ್ಯೂಟರ್‌ಗಳೇ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಶಿಫ್ಟ್ ಬದಲಾಗುವಾಗ ಬೆಡ್ ಬೆಡ್‌ಗೂ ಹ್ಯಾಂಡೋವರ್ ಕೊಡಿ ಅಂತ ಪಾಠ ಹೇಳುವ ನಾವು, ಹತ್ತು ಹುಡುಗಿಯರನ್ನು ಒಂದು ಮಾತೂ ಹೇಳದೆ ಬಿಟ್ಟು ಹೋಗುತ್ತೇವೆ. ಕೆಲಸ ಬಿಡುವ ಮುಂಚೆ ಒಬ್ಬೊಬ್ಬರಿಗೆ ಅರ್ಧ ಪುಟ ಬರೆಯಿರಿ: ಬಾಕಿ ವಿಷಯ, ಬಾಕಿ ಗಂಟೆಗಳು, ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡೇ ಬರೆಯಿರಿ. ಹೊಸ ಮೇಡಂಗೆ ಏನು ಹೇಳಬಹುದು, ಏನು ಬೇಡ ಅಂತ ಅವಳನ್ನೇ ಕೇಳಿ, ಬೇಡ ಅಂದದ್ದನ್ನು ಹೊಡೆದು ಹಾಕಿ.